ಭೂವಿಜ್ಞಾನಿಯ ಬದುಕು ಮತ್ತು ಖನಿಜ ಅನ್ವೇಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂವತ್ತಕ್ಕೂ ಹೆಚ್ಚು ವರ್ಷ ಖನಿಜ ಅನ್ವೇಷಣೆಯಲ್ಲಿ ಕಳೆದು, ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿದ್ದೇನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಜೊತೆಗೆ ನಡೆಯುವವರು, ಮಂಡ್ಯದ ಕಾಲೇಜುಗಳಲ್ಲಿ ಮಾತಾಡಿದಾಗ ಎದುರಾಗುವ ವಿದ್ಯಾರ್ಥಿಗಳು, ಪತ್ರ ಬರೆಯುವ ತಂದೆತಾಯಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸುಲಭವಾದವು ಮೊದಲು, ವಿವರ ಬೇಡುವವು ಆಮೇಲೆ.

## ಮೊದಲ ಪರಿಚಯ

ಜಿಯಾಲಜಿಸ್ಟ್ ಅಂದ್ರೆ ಕಲ್ಲು ನೋಡಿ ಏನು ಹೇಳ್ತಾರೆ ಸಾರ್?

ಈ ಕಲ್ಲಿನಲ್ಲಿ ಯಾವ ಖನಿಜಗಳಿವೆ, ಇದು ಹೇಗೆ ಹುಟ್ಟಿತು, ಹುಟ್ಟಿದ ಮೇಲೆ ಇದಕ್ಕೆ ಏನೇನಾಯಿತು ಎಂಬ ಮೂರು ಸಂಗತಿಗಳನ್ನು ಹೇಳಲು ಪ್ರಯತ್ನಿಸುತ್ತಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿಯ ಬಳಿ ನಿಂತು ಪಕ್ಕದ ಬಂಡೆಯನ್ನು ಹತ್ತಿರದಿಂದ ನೋಡಿ. ಗುಲಾಬಿ ಛಾಯೆಯ ಫೆಲ್ಡ್‌ಸ್ಪಾರ್, ಗಾಜಿನಂತಹ ಬೆಣಚು ಮತ್ತು ಕಪ್ಪು ಚುಕ್ಕೆಗಳು ಒಂದಕ್ಕೊಂದು ಹೆಣೆದುಕೊಂಡಂತೆ ಕಾಣುತ್ತವೆ. ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿರುವುದರಿಂದ, ಈ ಗ್ರಾನೈಟ್ ನೆಲದಾಳದಲ್ಲಿ ಬಹಳ ನಿಧಾನವಾಗಿ ತಣ್ಣಗಾಗಿ ಗಟ್ಟಿಯಾಯಿತು ಎಂದು ತಿಳಿಯುತ್ತದೆ. ಅದರ ವಯಸ್ಸು ಸುಮಾರು 80 ಕೋಟಿ ವರ್ಷ. ಆದರೆ ಬೆಟ್ಟದ ಸುತ್ತಲಿನ ಬಯಲಿನಲ್ಲಿ ಹರಡಿರುವ ಪಟ್ಟೆಪಟ್ಟೆಯ ನೈಸ್ ಶಿಲೆಗೆ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸಿದೆ. ಊರಿಗೆಲ್ಲ ಹಿರಿಯನಂತೆ ಕಾಣುವ ಬೆಟ್ಟ ತನ್ನ ನೆರೆಯ ಕಲ್ಲುಗಳ ಮುಂದೆ ಕೂಸು. ಇಂತಹ ಹಿರಿತನ ಕಿರಿತನಗಳನ್ನು ಗುರುತಿಸಿ ನಕ್ಷೆಗೆ ಇಳಿಸುವುದೇ ಭೂವಿಜ್ಞಾನಿಯ ಮೂಲ ಕೆಲಸ.

ಹಾಗಾದ್ರೆ ನೀವು ಗಣಿ ನಡೆಸ್ತಾ ಇದ್ರಾ?

ಇಲ್ಲ. ಅದಿರು ಎಲ್ಲಿದೆ, ಎಷ್ಟಿದೆ, ಎಷ್ಟು ಆಳದಲ್ಲಿದೆ, ಎಂತಹ ಗುಣಮಟ್ಟದ್ದು ಎಂದು ಹೇಳುವುದು ಅನ್ವೇಷಕನ ಕೆಲಸ. ಅದನ್ನು ಹೊರತೆಗೆಯುವವರು ಗಣಿ ಎಂಜಿನಿಯರುಗಳು, ಅದಿರಿನಿಂದ ಲೋಹವನ್ನು ಬೇರ್ಪಡಿಸುವವರು ಲೋಹಶಾಸ್ತ್ರಜ್ಞರು. ಅನ್ವೇಷಕನ ವರದಿ ತಪ್ಪಾದರೆ ಮುಂದಿನ ಇಬ್ಬರ ಶ್ರಮವೂ ನೀರಿನಲ್ಲಿ ಹೋಮ ಮಾಡಿದಂತೆ.

ನಮ್ಮ ಮೈಸೂರು ಮಂಡ್ಯ ಸೀಮೆಯಲ್ಲಿ ಕಬ್ಬು ಭತ್ತ ಬಿಟ್ಟರೆ ನೆಲದೊಳಗೆ ಏನಿದೆ?

ಮೈಸೂರಿನ ಹತ್ತಿರದ ದೊಡ್ಡಕಾನ್ಯ, ದೊಡ್ಡಕಾಟೂರು ಪ್ರದೇಶದಲ್ಲಿ ಮ್ಯಾಗ್ನಸೈಟ್ ಇದೆ. ಕುಲುಮೆಗಳ ಒಳಮೈಗೆ ಬೇಕಾದ, ಕಾವು ತಡೆಯುವ ಇಟ್ಟಿಗೆಗಳನ್ನು ಮಾಡಲು ಅದನ್ನು ಬಳಸುತ್ತಾರೆ. ಸಿಂಧುವಳ್ಳಿಯ ಕಡೆ ಕ್ರೋಮಿಯಂ ಲೋಹದ ಅದಿರಾದ ಕ್ರೋಮೈಟ್ ಇದೆ. ಹಿಂದೆ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದ ಸರಗೂರಿನ ಹೆಸರನ್ನು ದೇಶವಿದೇಶಗಳ ಭೂವಿಜ್ಞಾನಿಗಳೆಲ್ಲ ಬಲ್ಲರು. ದಕ್ಷಿಣ ಭಾರತದ ಅತಿ ಹಳೆಯ ಪದರಶಿಲೆಗಳ ಒಂದು ಗುಂಪಿಗೆ ಆ ಊರಿನ ಹೆಸರನ್ನೇ ಇಡಲಾಗಿದೆ. ಶ್ರೀರಂಗಪಟ್ಟಣದ ಸುತ್ತಮುತ್ತ ಹಳೆಯ ಶಿಲೆಗಳನ್ನು ಸೀಳಿಕೊಂಡು ಗೋಡೆಗಳಂತೆ ಎದ್ದ ಡೈಕ್‌ಗಳಿವೆ. ಅದೇ ತಾಲ್ಲೂಕಿನ ಮರಳಗಾಲದ ಲಿಥಿಯಂ ಬಗ್ಗೆ ಮುಂದೆ ಬೇರೆಯಾಗಿಯೇ ಬರೆದಿದ್ದೇನೆ.

ಈ ಹುಡುಕಾಟಕ್ಕೆ ಇಲ್ಲಿ ಹಳೆಯ ಪರಂಪರೆಯಿದೆ. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ನಮ್ಮ ಚಿನ್ನ, ಕಬ್ಬಿಣಗಳನ್ನು ಹೊತ್ತಿರುವ ಪದರಶಿಲೆಗಳಿಗೆ ಧಾರವಾಡ ಎಂಬ ಹೆಸರನ್ನು ಕೊಟ್ಟವರೂ ಅವರೇ. ನಂತರದ ತಲೆಮಾರಿನಲ್ಲಿ ಆ ಇಲಾಖೆಯನ್ನು ಮುನ್ನಡೆಸಿದ ಬಿ.ಪಿ. ರಾಧಾಕೃಷ್ಣ ಅವರು 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿ ಪ್ರಮುಖರು.

ಇಲಾಖೆಗೂ ಹಿಂದಿನಿಂದ ಹಳ್ಳಿಯವರು ಇಟ್ಟುಕೊಂಡು ಬಂದ ಹೆಸರುಗಳೂ ಇವೆ. ಬೆಣಚುಕಲ್ಲು, ಬಳಪದ ಕಲ್ಲು, ಕಾಗೆಬಂಗಾರ, ಕರಿಕಲ್ಲು. ಹೊಸ ಊರಿಗೆ ಹೋದಾಗ ಈ ಹೆಸರುಗಳನ್ನು ಹಿಡಿದು ಕೇಳಿದರೆ ಅರ್ಧ ನಕ್ಷೆ ಅಲ್ಲೇ ಸಿಗುತ್ತದೆ.

## ಓದು ಮತ್ತು ನೌಕರಿ

ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ, ಜಿಯಾಲಜಿ ಓದ್ತೀನಿ ಅಂತಾಳೆ. ದಾರಿ ಯಾವುದು?

ಭೂವಿಜ್ಞಾನ ಒಂದು ವಿಷಯವಾಗಿರುವ ಬಿ.ಎಸ್ಸಿ. ಮಾಡಿ, ಆಮೇಲೆ ಎಂ.ಎಸ್ಸಿ. ಮಾಡುವುದು ಸಾಮಾನ್ಯ ದಾರಿ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲೇ ಸ್ನಾತಕೋತ್ತರ ವಿಭಾಗವಿದೆ. ಪದವಿಯಲ್ಲಿ ರಸಾಯನಶಾಸ್ತ್ರವನ್ನೂ ಗಣಿತವನ್ನೂ ಕೈಬಿಡಬಾರದು ಎಂಬುದು ನನ್ನ ಒತ್ತಾಯದ ಸಲಹೆ, ಏಕೆಂದರೆ ಇಂದಿನ ಅನ್ವೇಷಣೆಯ ಬಹುಪಾಲು ಅಂಕಿಸಂಖ್ಯೆಗಳ ಮೇಲೆಯೇ ನಿಂತಿದೆ.

ಕೇಂದ್ರ ಸರ್ಕಾರದ ಕೆಲಸಕ್ಕೆ ಯುಪಿಎಸ್‌ಸಿ ನಡೆಸುವ ಸಂಯುಕ್ತ ಭೂವಿಜ್ಞಾನಿ ಪರೀಕ್ಷೆ ಮುಖ್ಯ ಬಾಗಿಲು. ಅದಕ್ಕೆ ಸ್ನಾತಕೋತ್ತರ ಪದವಿ ಬೇಕು. ಸಾಮಾನ್ಯ ವರ್ಗಕ್ಕೆ ವಯಸ್ಸು 21ರಿಂದ 32. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ ಎಂಬ ಮೂರು ಹಂತಗಳಿವೆ. ಅಲ್ಲಿ ಆಯ್ಕೆಯಾದವರು 1851ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೋ ಕೇಂದ್ರೀಯ ಅಂತರ್ಜಲ ಮಂಡಳಿಗೋ ಸೇರುತ್ತಾರೆ. ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನ 56,100 ರೂಪಾಯಿ. ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ಪರಮಾಣು ಖನಿಜ ನಿರ್ದೇಶನಾಲಯ, ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಮುಂತಾದವು ತಮ್ಮದೇ ರೀತಿಯಲ್ಲಿ ನೇಮಕ ಮಾಡಿಕೊಳ್ಳುತ್ತವೆ.

ಪ್ರೈವೇಟ್ ಕಂಪನಿಯಲ್ಲಿ ಜಾಸ್ತಿ ದುಡ್ಡಂತೆ, ನಿಜಾನಾ?

ಕೆಲವು ವರ್ಷ ನಿಜ. ಲೋಹದ ಬೆಲೆ ಏರಿದಾಗ ಅನ್ವೇಷಕರಿಗೆ ಬೇಡಿಕೆ ಬರುತ್ತದೆ, ಬೆಲೆ ಇಳಿದಾಗ ಕಂಪನಿಗಳು ಮೊದಲು ಕತ್ತರಿ ಹಾಕುವುದು ಅನ್ವೇಷಣೆಯ ಖರ್ಚಿಗೆ. ಇದನ್ನು ಮೊದಲೇ ತಿಳಿದುಕೊಂಡು ಸೇರಿದವರು ಕಂಗೆಡುವುದಿಲ್ಲ.

ಹೆಣ್ಣುಮಕ್ಕಳಿಗೆ ಈ ಕೆಲಸ ಸರಿ ಹೋಗುತ್ತಾ?

ಹೋಗುತ್ತದೆ. ನನ್ನ ಜೊತೆ ಕೆಲಸ ಮಾಡಿದ ಅತ್ಯುತ್ತಮ ನಕ್ಷೆಗಾರರಲ್ಲಿ ಇಬ್ಬರು ಮಹಿಳೆಯರು. ಆದರೆ ತೊಡಕುಗಳನ್ನು ಮುಚ್ಚಿಡಬಾರದು. 1952ರ ಗಣಿ ಕಾಯ್ದೆ ಮಹಿಳೆಯರನ್ನು ಭೂಗತ ಗಣಿಯ ಕೆಲಸದಿಂದ ಹೊರಗಿಟ್ಟಿತ್ತು. 2019ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿ ತಾಂತ್ರಿಕ, ಮೇಲ್ವಿಚಾರಣೆಯ ಮತ್ತು ಆಡಳಿತದ ಹುದ್ದೆಗಳಲ್ಲಿ ಹಗಲಿನ ಹೊತ್ತು ಕೆಳಗಿಳಿಯಲು ಅವಕಾಶ ಕೊಟ್ಟಿತು. ಕಾನೂನಿನ ಬಾಗಿಲು ತೆರೆದರೂ ಶಿಬಿರಗಳಲ್ಲಿ ಶೌಚಾಲಯದಂತಹ ಸಾಮಾನ್ಯ ಅನುಕೂಲವನ್ನು ಎಷ್ಟೋ ಕಡೆ ಇನ್ನೂ ಕೇಳಿ ಪಡೆಯಬೇಕಾಗಿದೆ. ಅದು ತಪ್ಪು. ಕೇಳುವ ಮೊದಲೇ ಅದು ಅಲ್ಲಿರಬೇಕು.

## ಕ್ಷೇತ್ರದ ಬದುಕು

ಫೀಲ್ಡಿಗೆ ಹೋದ್ರೆ ಒಂದು ದಿನ ಹೇಗಿರುತ್ತೆ? ಚೀಲದಲ್ಲಿ ಏನೆಲ್ಲ ಇಟ್ಕೊಳ್ತೀರಿ?

ಮಳೆ ನಿಂತು ಹುಲ್ಲು ಒಣಗಿ ಬಂಡೆಗಳು ಕಾಣತೊಡಗುವ ಅಕ್ಟೋಬರ್ ನವೆಂಬರಿನಿಂದ ಬಿಸಿಲು ಏರುವ ಮಾರ್ಚ್ ಏಪ್ರಿಲ್‌ವರೆಗೆ ಕ್ಷೇತ್ರದ ಋತು. ಬೆಳಿಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಹತ್ತು ಹನ್ನೆರಡು ಕಿಲೋಮೀಟರ್ ನಡೆದಿರುತ್ತೇವೆ. ಚೀಲದಲ್ಲಿ ಸುತ್ತಿಗೆ, ದಿಕ್ಸೂಚಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ, ಅಯಸ್ಕಾಂತ, ಚಾಕು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಸಣ್ಣ ಸೀಸೆ, ಜಿಪಿಎಸ್, ಮಾದರಿ ಚೀಲಗಳು ಮತ್ತು 1:50,000 ಅಳತೆಯ ಭೂಪಟ ಇರುತ್ತವೆ. ಆ ಪಟದಲ್ಲಿ ಎರಡು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಟಿಪ್ಪಣಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು; ಶಾಯಿಯಾದರೆ ಬೆವರಿಗೂ ಮಳೆಗೂ ಕಲೆಸಿಹೋಗುತ್ತದೆ.

ಕಲ್ಲು ಕಂಡಲ್ಲಿ ಮೊದಲು ಸುತ್ತಿಗೆ ಎತ್ತಬಾರದು. ದೂರ ನಿಂತು ಪದರಗಳು ಯಾವ ದಿಕ್ಕಿಗೆ ಸಾಗಿವೆ, ಎಷ್ಟು ವಾಲಿವೆ ಎಂದು ನೋಡಿ, ದಿಕ್ಸೂಚಿಯಿಂದ ಅಳೆದು ಬರೆದುಕೊಳ್ಳಬೇಕು. ಆಮೇಲೆ ಚಕ್ಕೆ ಒಡೆದು ಹೊಸ ಮುಖವನ್ನು ಮಸೂರದಲ್ಲಿ ನೋಡಬೇಕು, ಏಕೆಂದರೆ ಬಿಸಿಲು ಮಳೆ ತಿಂದ ಹೊರಮೈ ಎಂತಹವರನ್ನೂ ದಾರಿ ತಪ್ಪಿಸುತ್ತದೆ. ದೊಡ್ಡಕಾನ್ಯದ ಕಡೆಯ ಒಂದು ಸಣ್ಣ ಪರೀಕ್ಷೆಯನ್ನು ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಮಾಡಿಸುತ್ತೇನೆ. ಅಲ್ಲಿನ ಮ್ಯಾಗ್ನಸೈಟ್ ಪಿಂಗಾಣಿಯಂತೆ ಬೆಳ್ಳಗೆ, ಮುರಿದರೆ ನುಣುಪಾಗಿ, ಕೆಲವೊಮ್ಮೆ ಹೂಕೋಸಿನಂತೆ ಗಂಟುಗಂಟಾಗಿ ಇರುತ್ತದೆ. ಹೊಲದ ಸುಣ್ಣದ ಗಂಟೂ ನೋಡಲು ಸುಮಾರಾಗಿ ಹಾಗೆಯೇ. ಎರಡರ ಮೇಲೂ ತಣ್ಣನೆಯ ಆಮ್ಲದ ಒಂದೊಂದು ಹನಿ ಬಿಟ್ಟರೆ ಸುಣ್ಣ ಒಡನೆಯೇ ಚುಂಯ್ ಎಂದು ನೊರೆಯೇಳುತ್ತದೆ, ಮ್ಯಾಗ್ನಸೈಟ್ ಏನೂ ಆಗದಂತೆ ಸುಮ್ಮನಿರುತ್ತದೆ. ಅದೇ ಮ್ಯಾಗ್ನಸೈಟನ್ನು ಪುಡಿ ಮಾಡಿ ಆಮ್ಲವನ್ನು ಬೆಚ್ಚಗೆ ಮಾಡಿ ಹಾಕಿದರೆ ಆಗ ನೊರೆ ಬರುತ್ತದೆ. ಇದನ್ನು ಪುಸ್ತಕದಲ್ಲಿ ಓದಿ ಪಾಸಾದವರು ಕೂಡ ಕೈಯಾರೆ ಮಾಡಿ ನೋಡಿದ ದಿನವನ್ನು ಮರೆಯುವುದಿಲ್ಲ.

ಸಂಜೆ ಶಿಬಿರಕ್ಕೆ ಮರಳಿ ಮುದ್ದೆ ಉಂಡ ಮೇಲೆ ದಿನದ ಅಳತೆಗಳನ್ನೆಲ್ಲ ನಕ್ಷೆಗೆ ಏರಿಸಬೇಕು. ಇದನ್ನು ನಾಳೆಗೆ ಬಿಟ್ಟವನ ನಕ್ಷೆಯನ್ನು ನಾನು ನಂಬುವುದಿಲ್ಲ.

ಹಳ್ಳಿಯವರು ನಿಮ್ಮನ್ನ ಅನುಮಾನದಿಂದ ನೋಡಲ್ವಾ?

ನೋಡುತ್ತಾರೆ, ಮತ್ತು ಅವರ ಅನುಮಾನಕ್ಕೆ ಕಾರಣವಿದೆ. ಸುತ್ತಿಗೆ ಹಿಡಿದು ಅಳತೆ ಮಾಡುವವರನ್ನು ಕಂಡರೆ ನಿಧಿ ಹುಡುಕುವವರೆಂದೋ, ಜಮೀನು ಹೋಗುತ್ತದೆಂದೋ ಭಯ ಹುಟ್ಟುತ್ತದೆ. ಸೇರಿದ ಹೊಸದರಲ್ಲಿ ನಾಗಮಂಗಲದ ಕಡೆ ಯಾರನ್ನೂ ಕೇಳದೆ ಒಂದು ಹೊಲಕ್ಕೆ ಇಳಿದಿದ್ದೆ. ಬದುವಿನ ಮೇಲಿದ್ದ ಅಜ್ಜಿ, "ಏನಪ್ಪಾ, ಕಲ್ಲು ನೋಡಕ್ಕೆ ಬಂದು ರಾಗಿ ತುಳೀತಿದ್ದೀಯಲ್ಲ" ಎಂದರು. ತಪ್ಪು ನನ್ನದೇ ಆಗಿತ್ತು. ಅಂದಿನಿಂದ ಮೊದಲು ಊರಿಗೆ ಹೋಗಿ ಹಿರಿಯರನ್ನು ಮಾತಾಡಿಸಿ, ಏನು ಮಾಡುತ್ತೇವೆ ಎಂದು ಹೇಳಿ, ಆಮೇಲೆ ಹೊಲಕ್ಕೆ ಕಾಲಿಡುವುದನ್ನು ರೂಢಿಸಿಕೊಂಡೆ.

ಈ ಮಾತುಕತೆಯಿಂದ ಕೆಲಸಕ್ಕೂ ಪ್ರಯೋಜನವಿದೆ. ಕೋಲಾರದ ಚಿನ್ನದ ಆಧುನಿಕ ಚರಿತ್ರೆ ಆರಂಭವಾಗುವುದೇ ಹಳ್ಳಿಯವರ ತಿಳಿವಳಿಕೆಯಿಂದ. 1802ರ ಸುಮಾರಿಗೆ ಆ ಭಾಗದಲ್ಲಿ ಗಡಿ ಸರ್ವೆ ಮಾಡುತ್ತಿದ್ದ ಜಾನ್ ವಾರೆನ್ ಎಂಬ ಅಧಿಕಾರಿಗೆ ಅಲ್ಲಿನ ಜನ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೋರಿಸಿದ್ದರು. ಎಷ್ಟೋ ವರ್ಷಗಳ ನಂತರ, ವಾರೆನ್ ಅದರ ಬಗ್ಗೆ ಬರೆದಿಟ್ಟದ್ದನ್ನು ಓದಿದ ಮೈಕೇಲ್ ಲ್ಯಾವೆಲ್ 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದ.

ವರ್ಷದಲ್ಲಿ ಅರ್ಧ ಮನೆಯಲ್ಲೇ ಇರಲ್ಲ ಅಂದ್ರೆ ಸಂಸಾರ ಹೇಗೆ?

ಕಷ್ಟ. ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ಸುತ್ತಿಗೆಗೂ ದಿಕ್ಸೂಚಿಗೂ ನನ್ನ ಪತ್ನಿಯೇ ಕುಂಕುಮ ಇಡುತ್ತಿದ್ದಳು. ಜಂಬೂಸವಾರಿ ಮುಗಿದ ಮರುದಿನ ಟ್ರಂಕು ಕಟ್ಟುವ ಕೆಲಸ. ಮಕ್ಕಳ ಶಾಲೆ, ಅತ್ತೆಮಾವಂದಿರ ಆರೋಗ್ಯ ಎಲ್ಲವನ್ನೂ ಅವಳು ಒಬ್ಬಳೇ ನೋಡಿಕೊಂಡಳು. ಈ ವೃತ್ತಿಗೆ ಬರುವವರು ಮದುವೆಗೆ ಮೊದಲೇ ಇದನ್ನು ಬಿಡಿಸಿ ಹೇಳಬೇಕು.

ನಮ್ಮ ತೋಟದಲ್ಲಿ ಬೋರ್‌ವೆಲ್ ಪಾಯಿಂಟ್ ಮಾಡಿಕೊಡ್ತೀರಾ ಸಾರ್?

ಖನಿಜ ಅನ್ವೇಷಕನಿಗಿಂತ ಅಂತರ್ಜಲ ತಜ್ಞರನ್ನು ಕೇಳುವುದು ಸರಿ. ನಮ್ಮ ಭಾಗದ ಗಟ್ಟಿ ಶಿಲೆಯಲ್ಲಿ ನೀರು ಕಲ್ಲಿನ ಬಿರುಕುಗಳಲ್ಲಿ ಮತ್ತು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮಾತ್ರ ಇರುತ್ತದೆ. ನೆಲಕ್ಕೆ ವಿದ್ಯುತ್ ಹಾಯಿಸಿ ಅದರ ತಡೆಯನ್ನು ಅಳೆಯುವ ವಿಧಾನದಿಂದ ಅಂತಹ ಜಾಗಗಳನ್ನು ಊಹಿಸಬಹುದು, ಆದರೆ ಖಾತರಿ ಕೊಡಲು ಆಗುವುದಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ತೋರಿಸುವ ಪಾಯಿಂಟಿಗೆ ವೈಜ್ಞಾನಿಕ ಆಧಾರವಿಲ್ಲ. ಸಾಲ ಮಾಡಿ ಕೊರೆಸುವ ರೈತರಿಗೆ ಇದನ್ನು ನೇರವಾಗಿ ಹೇಳದಿದ್ದರೆ ಅನ್ಯಾಯವಾಗುತ್ತದೆ.

## ಅನ್ವೇಷಣೆಯ ಒಳಹೊಕ್ಕು

ಅದಿರು ಇದೆ ಅಂತ ಹೇಗೆ ಖಚಿತ ಮಾಡ್ತೀರಿ? ಕಣ್ಣಿಗೆ ಕಂಡರೆ ಸಾಲದಾ?

ಸಾಲದು. ನಮ್ಮಲ್ಲಿ ಅನ್ವೇಷಣೆಯನ್ನು ಜಿ4ರಿಂದ ಜಿ1ರವರೆಗೆ ನಾಲ್ಕು ಹಂತಗಳಾಗಿ ವಿಂಗಡಿಸಿದೆ. ಜಿ4 ಮೇಲ್ನೋಟದ ಹುಡುಕಾಟ, ಜಿ3 ಪ್ರಾಥಮಿಕ, ಜಿ2 ಸಾಮಾನ್ಯ, ಜಿ1 ವಿವರವಾದ ಅನ್ವೇಷಣೆ. ಸಂಖ್ಯೆ ಇಳಿದಂತೆಲ್ಲ ಕೊರೆದ ರಂಧ್ರಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ಖರ್ಚು ಏರುತ್ತದೆ, ನಂಬಿಕೆಯೂ ಹೆಚ್ಚುತ್ತದೆ. ಜಿ4ರಲ್ಲಿ ಆಸೆ ಹುಟ್ಟಿಸಿದ ಜಾಗಗಳಲ್ಲಿ ಜಿ1 ಮುಟ್ಟುವವು ಬಹಳ ಕಡಿಮೆ.

ಕೊರೆತದ ತುದಿಯಲ್ಲಿ ವಜ್ರದ ಹರಳುಗಳನ್ನು ಕೂರಿಸಿದ ಬಿಟ್ ಇರುತ್ತದೆ. ಅದು ಬಂಡೆಯನ್ನು ಉಂಗುರದಂತೆ ಕೊರೆದು ನಡುವಿನ ಕಂಬವನ್ನು ಉಳಿಸುತ್ತದೆ. ಇದೇ ಕೋರ್. ಹೆಚ್ಚಾಗಿ ಬಳಕೆಯಲ್ಲಿರುವ ಎನ್‌ಕ್ಯೂ ಅಳತೆಯ ಕೋರಿಗೆ 47.6 ಮಿಲಿಮೀಟರ್ ವ್ಯಾಸ. ಅದನ್ನು ಆಳದ ಕ್ರಮದಲ್ಲಿ ಪೆಟ್ಟಿಗೆಗಳಲ್ಲಿ ಜೋಡಿಸಿ, ನೀರು ಸವರಿ ಬಣ್ಣ ಎದ್ದು ಬರುವಂತೆ ಮಾಡಿ, ಅಂಗುಲ ಅಂಗುಲವಾಗಿ ಓದಿ ಬರೆಯುತ್ತೇವೆ. ನಂತರ ಉದ್ದಕ್ಕೆ ಸೀಳಿ ಅರ್ಧವನ್ನು ವಿಶ್ಲೇಷಣೆಗೆ ಕಳಿಸಿ, ಇನ್ನರ್ಧವನ್ನು ಪೆಟ್ಟಿಗೆಯಲ್ಲೇ ಉಳಿಸಬೇಕು. ಕಳಿಸುವ ಮಾದರಿಗಳ ನಡುವೆ ಖನಿಜವೇ ಇಲ್ಲದ ಕಲ್ಲು, ಅಂಶ ಮೊದಲೇ ಗೊತ್ತಿರುವ ಪುಡಿ ಮತ್ತು ಒಂದೇ ಮಾದರಿಯ ಎರಡು ಪ್ರತಿಗಳನ್ನು ಸೇರಿಸುತ್ತೇವೆ. ಪ್ರಯೋಗಾಲಯ ಸರಿಯಾಗಿ ಅಳೆಯುತ್ತಿದೆಯೇ ಎಂದು ಇದರಿಂದ ತಿಳಿಯುತ್ತದೆ.

ಅರ್ಧ ಕೋರನ್ನು ಉಳಿಸುವುದು ಯಾಕೆ ಮುಖ್ಯ ಎಂಬುದಕ್ಕೆ ಇಂಡೊನೇಷ್ಯಾದ ಬುಸಾಂಗ್ ಪ್ರಕರಣ ಸಾಕ್ಷಿ. ಅಲ್ಲಿ ಅಪಾರ ಚಿನ್ನವಿದೆ ಎಂದು ಕೆನಡಾದ ಕಂಪನಿಯೊಂದು ಪ್ರಕಟಿಸಿತ್ತು. ಕೋರನ್ನು ಸೀಳಿ ಅರ್ಧ ಉಳಿಸುವ ಬದಲು ಪೂರ್ತಿ ಪುಡಿ ಮಾಡಿ ಕಳಿಸಲಾಗುತ್ತಿತ್ತು. 1997ರಲ್ಲಿ ಸ್ವತಂತ್ರ ತಜ್ಞರು ಮತ್ತೆ ಕೊರೆಸಿದಾಗ ಅಲ್ಲಿ ಹೇಳಿಕೊಳ್ಳುವಂತಹ ಚಿನ್ನವೇ ಇರಲಿಲ್ಲ. ಮಾದರಿಗಳಿಗೆ ಹೊರಗಿನ ಚಿನ್ನವನ್ನು ಬೆರೆಸಲಾಗಿತ್ತು.

ಮಂಡ್ಯದಲ್ಲಿ ಲಿಥಿಯಂ ಸಿಕ್ತು ಅಂತ ಅಷ್ಟು ಸುದ್ದಿಯಾಯ್ತಲ್ಲ, ಏನಾಯ್ತು?

ಅತಿ ಹೆಚ್ಚು ಬಾರಿ ಕೇಳಿರುವ ಪ್ರಶ್ನೆ ಇದು. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ ಮತ್ತು ಅಲ್ಲಾಪಟ್ಟಣದ ನಡುವೆ ಪೆಗ್ಮಟೈಟ್ ಎಂಬ ಶಿಲೆಯ ಪಟ್ಟಿಗಳಿವೆ. ಗ್ರಾನೈಟಿನ ಶಿಲಾರಸ ತಣ್ಣಗಾಗುತ್ತ ಬಂದಾಗ ಸಾಮಾನ್ಯ ಖನಿಜಗಳಲ್ಲಿ ಜಾಗ ಸಿಗದ ಲಿಥಿಯಂನಂತಹ ಧಾತುಗಳು ಕೊನೆಯಲ್ಲಿ ಉಳಿದ, ನೀರಿನಂಶ ಹೆಚ್ಚಿರುವ ರಸದಲ್ಲಿ ಸೇರಿಕೊಳ್ಳುತ್ತವೆ. ಆ ರಸ ಬಿರುಕುಗಳಿಗೆ ನುಗ್ಗಿ ದೊಡ್ಡ ದೊಡ್ಡ ಹರಳುಗಳಾಗಿ ಗಟ್ಟಿಯಾದರೆ ಪೆಗ್ಮಟೈಟ್ ಆಗುತ್ತದೆ. ಇಲ್ಲಿ ಲಿಥಿಯಂ ಇರುವುದು ಮುಖ್ಯವಾಗಿ ಸ್ಪಾಡ್ಯುಮಿನ್ ಎಂಬ ಖನಿಜದಲ್ಲಿ.

2020ರ ಆರಂಭದಲ್ಲಿ ಪತ್ರಿಕೆಗಳಲ್ಲಿ 14,100 ಟನ್ ಎಂಬ ಅಂದಾಜು ಬಂತು. ಪರಮಾಣು ಖನಿಜ ನಿರ್ದೇಶನಾಲಯದ ಕೆಲಸದ ಆಧಾರದ ಮೇಲೆ 2021ರಲ್ಲಿ ಸರ್ಕಾರ ತಿಳಿಸಿದ ಅಂಕಿ 1,600 ಟನ್, ಅದೂ ಇನ್ನೂ ಊಹೆಯ ದರ್ಜೆಯದು. ಅಂಕಿ ಇಷ್ಟು ಇಳಿದದ್ದನ್ನು ಕಂಡು ಅನೇಕರು ಮೋಸವಾಯಿತೆಂದು ಭಾವಿಸಿದರು. ನನ್ನ ದೃಷ್ಟಿಯಲ್ಲಿ ಮೊದಲ ಅಂದಾಜನ್ನು ಅಷ್ಟು ಗಟ್ಟಿ ಸುದ್ದಿಯಾಗಿ ಓದಿದ್ದೇ ತಪ್ಪು. ಪೆಗ್ಮಟೈಟಿನಲ್ಲಿ ಸ್ಪಾಡ್ಯುಮಿನ್ ಪಾಯಸದ ದ್ರಾಕ್ಷಿಯಂತೆ ಒಂದೆಡೆ ದಟ್ಟವಾಗಿ, ಮತ್ತೊಂದೆಡೆ ಇಲ್ಲವೇ ಇಲ್ಲ ಎಂಬಂತೆ ಹಂಚಿಹೋಗಿರುತ್ತದೆ. ಆದ್ದರಿಂದ ಹತ್ತಿರ ಹತ್ತಿರ ಕೊರೆಯದೆ ಹೇಳಿದ ಯಾವ ಅಂಕಿಯೂ ಮುಂದೆ ಬದಲಾಗಬಹುದು.

ಒಂದು ಲೆಕ್ಕ ನೋಡಿ. ಎಲೆಕ್ಟ್ರಿಕ್ ಕಾರೊಂದರ ಬ್ಯಾಟರಿಗೆ ಸರಾಸರಿ 8 ಕಿಲೋ ಲಿಥಿಯಂ ಎಂದುಕೊಂಡರೆ, 1,600 ಟನ್ನಿನ ಕಣಕಣವನ್ನೂ ಹೊರತೆಗೆದರೂ ಎರಡು ಲಕ್ಷ ಕಾರುಗಳಿಗೆ ಸಾಕಾಗುತ್ತದೆ, ಮತ್ತು ಕಣಕಣವನ್ನೂ ತೆಗೆಯುವುದು ಯಾವ ಗಣಿಯಲ್ಲೂ ಸಾಧ್ಯವಿಲ್ಲ. 2023ರಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದು ಸುದ್ದಿಯಾದದ್ದು ಅದಿರಿನ ತೂಕ. ಅದನ್ನು ಮಂಡ್ಯದ ಲೋಹದ ತೂಕದ ಪಕ್ಕದಲ್ಲಿಟ್ಟು ಹೋಲಿಸುವುದು ಕಬ್ಬಿನ ತೂಕವನ್ನೂ ಬೆಲ್ಲದ ತೂಕವನ್ನೂ ಹೋಲಿಸಿದಂತೆ. ಅದೇ ವರ್ಷ ಗಣಿ ಮತ್ತು ಖನಿಜಗಳ ಕಾಯ್ದೆಗೆ ತಿದ್ದುಪಡಿ ತಂದು ಲಿಥಿಯಂ ಸೇರಿದಂತೆ ಆರು ಖನಿಜಗಳನ್ನು ಪರಮಾಣು ಖನಿಜಗಳ ಪಟ್ಟಿಯಿಂದ ಹೊರತೆಗೆಯಲಾಯಿತು. ಹೀಗಾಗಿ ಖಾಸಗಿಯವರಿಗೂ ಈ ಕ್ಷೇತ್ರ ತೆರೆದುಕೊಂಡಿದೆ.

ನನ್ನ ಜಮೀನಲ್ಲೇ ಖನಿಜ ಸಿಕ್ಕರೆ ಅದು ನನಗೇ ಸೇರುತ್ತಾ?

ಕರ್ನಾಟಕದ ಭೂಕಂದಾಯ ಕಾಯ್ದೆಯ ಪ್ರಕಾರ, ಬೇರೆ ರೀತಿಯಲ್ಲಿ ಸ್ಪಷ್ಟವಾಗಿ ಹಕ್ಕು ನೀಡಿರದಿದ್ದರೆ, ಖನಿಜಗಳ ಹಕ್ಕು ಸರ್ಕಾರದ್ದು. ಮೇಲ್ಮೈಯ ಒಡೆತನ ನಿಮ್ಮದೇ ಆಗಿರುತ್ತದೆ, ಗಣಿಗಾರಿಕೆಯಿಂದ ಆಗುವ ನಷ್ಟಕ್ಕೆ ಪರಿಹಾರವನ್ನೂ ಪಡೆಯಬಹುದು. ಗುತ್ತಿಗೆಯಿಲ್ಲದೆ ಅಗೆಯುವುದು ಮಾತ್ರ ಅಪರಾಧ.

ಗಣಿಯಿಂದ ಊರುಗಳು ಹಾಳಾಗುತ್ವೆ. ನಿಮಗೆ ಬೇಸರ ಆಗಲ್ವಾ?

ಆಗುತ್ತದೆ. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ನೂರಕ್ಕೂ ಹೆಚ್ಚು ವರ್ಷ ಕೊಟ್ಟ ಚಿನ್ನವೆಲ್ಲ ಹೊರಗೆ ಹೋಯಿತು. ಅದಿರನ್ನು ಅರೆದು ಸಯನೈಡಿನಿಂದ ಸಂಸ್ಕರಿಸಿದ ಮಣ್ಣಿನ ದಿಬ್ಬಗಳು ಅಲ್ಲೇ ಉಳಿದಿವೆ. ಗಾಳಿ ಬೀಸಿದಾಗ ಆ ಧೂಳು ಮನೆಗಳ ಒಳಗೆ ಬಂದು ಕೂರುವುದನ್ನು ನಾನು ಕಂಡಿದ್ದೇನೆ. ಗಣಿಯನ್ನು ಮುಚ್ಚುವಾಗ ನೆಲವನ್ನೂ ನೀರನ್ನೂ ಹೇಗೆ ಹಿಂದಿರುಗಿಸುತ್ತೇವೆ ಎಂಬುದು ಅನ್ವೇಷಣೆಯ ಮೊದಲ ವರದಿಯಲ್ಲೇ ಚರ್ಚೆಯಾಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ, ಏಕೆಂದರೆ ಆ ನೆಲದ ನೀರಿನ ಹರಿವನ್ನು ಮೊದಲು ನೋಡುವವನು ಭೂವಿಜ್ಞಾನಿಯೇ.

ಇಷ್ಟು ವರ್ಷದಲ್ಲಿ ನೀವು ಎಷ್ಟು ಗಣಿ ಕಂಡುಹಿಡಿದ್ರಿ?

ನನ್ನೊಬ್ಬನ ಹೆಸರಿಗೆ ಒಂದೂ ಇಲ್ಲ. ನಾನು ಕೆಲಸ ಮಾಡಿದ ಜಾಗಗಳಲ್ಲಿ ಒಂದು ಮಾತ್ರ, ನನ್ನ ನಂತರದ ಮೂರು ತಂಡಗಳ ಶ್ರಮದಿಂದ, ಗಣಿ ಗುತ್ತಿಗೆಯ ಮಟ್ಟಕ್ಕೆ ಬಂತು. ಉಳಿದವುಗಳಲ್ಲಿ ಬಹುಪಾಲು ವರದಿಗಳ ಕೊನೆಯಲ್ಲಿ, ಮುಂದುವರಿಸಲು ಯೋಗ್ಯವಲ್ಲ ಎಂದೇ ಬರೆದಿದ್ದೇನೆ. ಹಾಗೆ ಬರೆಯಲು ಗಟ್ಟಿ ಮನಸ್ಸು ಬೇಕು. ಎರಡು ಋತು ಬಿಸಿಲಲ್ಲಿ ಅಲೆದು, ಸರ್ಕಾರದ ಹಣ ಖರ್ಚು ಮಾಡಿಸಿ, ಕೊನೆಗೆ ಇಲ್ಲ ಎನ್ನುವಾಗ ಇನ್ನೊಂದು ರಂಧ್ರ ಕೊರೆದು ನೋಡೋಣ ಎಂಬ ಆಸೆ ಕಾಡುತ್ತದೆ. ಮೇಲಿನವರ ಒತ್ತಡವೂ ಇರುತ್ತದೆ.

ಒಂದು ಪದರಶಿಲಾ ಪ್ರದೇಶದಲ್ಲಿ ನೆಲದಡಿ ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಉದ್ದನೆಯ ಪಟ್ಟಿಯೊಂದು ಉಪಕರಣಗಳಿಗೆ ಸಿಕ್ಕಿತ್ತು. ತಾಮ್ರದ ಸಲ್ಫೈಡ್ ಅದಿರೂ ಹಾಗೆಯೇ ವರ್ತಿಸುವುದರಿಂದ ಎಲ್ಲರಿಗೂ ಭರವಸೆ ಮೂಡಿತು. ಹನ್ನೆರಡು ರಂಧ್ರಗಳನ್ನು ಕೊರೆಸಿದೆವು. ಪ್ರತಿ ರಂಧ್ರದಲ್ಲೂ ಆ ಆಳಕ್ಕೆ ಬಂದಾಗ ಸಿಕ್ಕದ್ದು ಕೈಗೆ ಹತ್ತಿದರೆ ಪೆನ್ಸಿಲಿನ ಸೀಸದಂತೆ ಕಪ್ಪಾಗುವ ಗ್ರಾಫೈಟ್ ಪದರಶಿಲೆ. ಗ್ರಾಫೈಟೂ ವಿದ್ಯುತ್ತನ್ನು ಹರಿಸುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಎಂದು ಸೆಂಟಿಮೀಟರ್ ಬಿಡದೆ ಬರೆದು, ಅರ್ಧ ಕೋರಿನ ಪೆಟ್ಟಿಗೆಗಳಿಗೆ ಸಂಖ್ಯೆ ಹಾಕಿ, ವರದಿ ಮುಗಿಸಿದೆ.

ನಿವೃತ್ತಿಯಾದ ಮೇಲೆ ಒಂದು ದಿನ ಯುವ ಭೂವಿಜ್ಞಾನಿಯೊಬ್ಬರು ಫೋನ್ ಮಾಡಿದರು. ಅದೇ ಪಟ್ಟಿ ಹೊಸ ಸರ್ವೇಕ್ಷಣೆಯಲ್ಲಿ ಮತ್ತೆ ಕಂಡಿತ್ತು, ಕೊರೆತಕ್ಕೆ ಪ್ರಸ್ತಾವನೆ ಸಿದ್ಧವಾಗುತ್ತಿತ್ತು. "ಸಾರ್, ಏಳನೇ ರಂಧ್ರದಲ್ಲಿ ಗ್ರಾಫೈಟ್ ಅಂತ ಬರೆದಿದ್ದೀರಿ, ಪೆಟ್ಟಿಗೆ ತೆಗೆಸಿ ನೋಡಿದೆ, ಸರಿಯಾಗಿಯೇ ಇದೆ" ಎಂದರು. ಹಳೆಯ ಹನ್ನೆರಡು ರಂಧ್ರಗಳನ್ನೂ ಹೊಸ ನಕ್ಷೆಯ ಮೇಲೆ ಗುರುತಿಸಿ, ಆ ಹಣವನ್ನು ಬೇರೆ ಜಾಗಕ್ಕೆ ಬದಲಾಯಿಸಿಕೊಂಡರು. ಅಲ್ಲಿ ಹದಿಮೂರನೆಯ ರಂಧ್ರವನ್ನು ಯಾರೂ ಕೊರೆಯಲಿಲ್ಲ.